ಮೂವತ್ತೈದರಲ್ಲಿ ಒಂದು ಪಾಲು

ಹಗಲು ನಾನು ಹಲ್ಲು ಮಾಡುತ್ತೇನೆ,
ಖಡಕಿ ಬಜಾರಿನ ಔಷಧದಂಗಡಿಯ ಮಾಳಿಗೆಯಲ್ಲಿ.
ಹೊಸ ಹಲ್ಲಿಗೆ ಹಳೆಯ ಬಣ್ಣ ಕೊಡುವುದು ಕಸುಬು:
ಬುಡದಲ್ಲಿ ಚಹಾ, ತುದಿಯಲ್ಲಿ ತುಸು ಬೂದಿ,
ನಡುವೆ ಕೂದಲೆಳೆಯಷ್ಟು ಬಿರುಕು.
ಪಕ್ಕದ ಹಲ್ಲುಗಳಿಗೆ
ಇವನು ನಿನ್ನೆ ಬಂದವನೆಂದು ತಿಳಿಯಬಾರದು.

ರಾತ್ರಿ ಅದೇ ಕುಂಚ, ಅದೇ ಭೂತಗನ್ನಡಿ.
ಊಟದ ಮೇಜಿಗೆ ಹಳೆಯ ಮರಾಠಿ ಪೇಪರು ಹಾಸಿ
ಅದರ ಮೇಲೆ ಸೇನೆಯ ಶಕ್ತಿಮಾನ್ ಲಾರಿ,
ಅಂಗೈಯಲ್ಲಿ ಹಿಡಿಸುವಷ್ಟು.
ಕಿಟ್ ಎಲ್ಲೂ ಸಿಗಲಿಲ್ಲ.
ಪ್ಲಾಸ್ಟಿಕ್ ಹಾಳೆ ಕೊಯ್ದು ಬಾನೆಟ್ಟು, ಬಾಗಿಲು,
ಖಾಲಿ ರಿಫಿಲ್ಲಿನಿಂದ ಸೈಲೆನ್ಸರು,
ಟಿಶ್ಯೂ ಕಾಗದಕ್ಕೆ ಫೆವಿಕಾಲ್ ನೀರು ಕುಡಿಸಿ ಟಾರ್ಪಾಲು.
ಶೈಲಾ ಕಿಟಕಿ ತೆರೆದಿಟ್ಟೇ ಮಲಗುತ್ತಾಳೆ.
ಥಿನ್ನರಿನ ವಾಸನೆಗೆ ಅವಳ ಕನಸಿನಲ್ಲೂ
ಸುಣ್ಣಬಣ್ಣದವರು ಏಣಿ ಹಿಡಿದು ಬರುತ್ತಾರಂತೆ.

ಮೊದಲು ತುಕ್ಕಿನ ಕಂದು,
ಮೇಲೆ ಹೇರ್‌ಸ್ಪ್ರೇ (ಶೈಲಾಳದ್ದು, ಕೇಳದೆ),
ಅದರ ಮೇಲೆ ಹಸಿರು.
ಒದ್ದೆ ಕುಂಚದಿಂದ ತಿಕ್ಕಿದರೆ
ಅಂಚು ಅಂಚಿನಲ್ಲಿ ತುಕ್ಕು ಇಣುಕುತ್ತದೆ.
ಮುಳಾ ದಂಡೆಯ ಮಣ್ಣು ತಂದು, ಒಣಗಿಸಿ,
ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು
(ಅದೂ ಶೈಲಾಳದ್ದು)
ಚಕ್ರದ ಕಮಾನಿನೊಳಗೆ ಮೆತ್ತಿದೆ.
ಟ್ಯಾಂಕಿನ ಬಾಯಿಂದ ಡೀಸೆಲ್ಲು ಸೋರಿದ ಗೆರೆ,
ಗಾಜಿನ ಮೇಲೆ ವೈಪರ್ ಬಿಟ್ಟ ಅರ್ಧಚಂದ್ರ.
ಮೂರು ವಾರದಲ್ಲಿ ಮೂವತ್ತು ವರ್ಷ ಕಳೆಯಿತು.

ಭಾನುವಾರ ಹವಾಲ್ದಾರ್ ಯಮನಪ್ಪ ಹೊಸಟ್ಟಿ ಬಂದರು.
ಕೆಳದವಡೆಯ ಅಳತೆ ಕೊಡಲು ಲ್ಯಾಬಿಗೆ ಬಂದವರು
ಮಾತಿಗೆ ಮಾತು ಬೆಳೆದು ಈ ಲಾರಿ ಹುಟ್ಟಿತ್ತು.
ಹದಿನಾಲ್ಕು ವರ್ಷ ಓಡಿಸಿದ್ದರಂತೆ.
ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಲಾರಿಯ ಸುತ್ತ ಒಂದು ಸುತ್ತು ನಡೆದರು.
ನಾನು ಶಾಬಾಸಿಗೆ ಕಾದೆ.

‘ಇದ ಯಾರ ಗಾಡಿ?’
‘ನಿಮ್ಮದೇ.’
‘ನಂದ ಹಿಂಗಿದ್ದಿದ್ದಿಲ್ಲ, ತಮ್ಮಾ.
ದಿನಾ ಸಂಜಿಮುಂದ ತೊಳೀತಿದ್ದೆ.
ನೀರ ಸಿಗಲಾರದಲ್ಲೆ ಡೀಸೆಲ್ ಅರಿವೀಲೆ ಒರಸ್ತಿದ್ದೆ.
ಸುಬೇದಾರ ಬಿಳೇ ವಸ್ತ್ರ ಸುತಗೊಂಡು
ಮಡ್‌ಗಾರ್ಡಿನ ಒಳಗ ಕೈ ಹಾಕಾಂವ.
ವಸ್ತ್ರ ಕರಗಾತು ಅಂದ್ರ ರಜಾ ಹೋತು.’

ನನ್ನ ಉಗುರಿನಲ್ಲಿನ್ನೂ ಮುಳಾದ ಮಣ್ಣು.
ಕೈ ಮೇಜಿನ ಕೆಳಗೆ ಇಟ್ಟುಕೊಂಡೆ.

ಚಹಾ ಬಂತು. ತಟ್ಟೆಗೆ ಸುರಿದು ಕುಡಿದರು.
ಆಮೇಲೆ ಎಡಗೈ ತಾನಾಗಿ
ಬಲ ಮೊಣಕೈಯನ್ನು ಸವರತೊಡಗಿತು.
‘ಇಲ್ಲೆ,’ ಅಂದರು ಕಿರುಬೆರಳಿನಿಂದ
ಚಾಲಕನ ಕಿಟಕಿಯ ಕೆಳದಂಡೆ ತೋರಿಸಿ,
‘ಇಲ್ಲೆ ಅಷ್ಟ ಬಣ್ಣ ನಿಲ್ತಿದ್ದಿಲ್ಲ.
ಎಷ್ಟ ಸಲ ಹಚ್ಚಿದ್ರೂ ಮತ್ತ ತಗಡ.’
ಮತ್ತೆ ಸುಮ್ಮನಾಗಿ,
‘ಆ ಕಡೆ ಬಾಗಿಲಕ್ಕ ಹೊರಗ ಒಂದ ಕುಣಿ ಬಿದ್ದಿತ್ತು.
ರಿವರ್ಸ್ ಹೊಡಿಯೂಮುಂದ ಗಣಾಚಾರಿ
ಕೈ ಹೊರಗ ಹಾಕಿ ಬಡೀತಿದ್ದ.
ಒಂದ ಬಡದ್ರ ಬರಲಿ, ಎರಡ ಬಡದ್ರ ನಿಂದ್ರು.’

ಗಣಾಚಾರಿ ಈಗ ಎಲ್ಲಿ ಎಂದು ನಾನು ಕೇಳಲಿಲ್ಲ.
ಬಿಸ್ಕೀಟು ಬೇಡವೆಂದು ಕೈಯಾಡಿಸಿ ಎದ್ದು ಹೋದರು.

ಆ ರಾತ್ರಿ ಟರ್ಪಂಟೈನು, ಕಿವಿಕಡ್ಡಿ, ಒಂದು ಡಬ್ಬಿ ಪೂರ್ತಿ.
ಮಣ್ಣು ಹೋಯಿತು. ಡೀಸೆಲ್ಲಿನ ಗೆರೆ ಹೋಯಿತು.
ಇಣುಕಿದ ತುಕ್ಕಿನ ಮೇಲೆ ಮತ್ತೆ ಹಸಿರು.
ಮೂರು ವಾರದ ಜಾಣತನ
ಸಿಂಕಿನಲ್ಲಿ ಕಂದಾಗಿ ಇಳಿಯುವುದನ್ನು
ಶೈಲಾ ನಿದ್ದೆಗಣ್ಣಲ್ಲಿ ನಿಂತು ನೋಡಿ ಹೋದಳು.

ಕಿಟಕಿಯ ದಂಡೆಗೆ ಬೆಳ್ಳಿಬಣ್ಣ,
ಮೂರು ಮಿಲಿಮೀಟರು, ಒಂದು ಮೊಣಕೈಗೆ ಸರಿಯಾಗಿ.
ಮೇಣ ತಿದ್ದುವ ಚಮಚದ ಬೆನ್ನನ್ನು ದೀಪಕ್ಕೆ ಹಿಡಿದು
ಎಡಬಾಗಿಲ ಹೊರಗೆ ಒತ್ತಿದೆ.
ಒಂದು ಸಲ ಒತ್ತಿದರೆ ಸಾಲಲಿಲ್ಲ.
ಎರಡನೆಯ ಸಲಕ್ಕೆ ಕೈ ನಿಂತಿತು.

ಅವರ ಕೆಳದವಡೆಯ ಕಟ್ಟಿಗೆಂದು
ತಂಬಾಕಿನ ಕಂದು ಕಲಸಿಟ್ಟಿದ್ದೇನೆ ಲ್ಯಾಬಿನಲ್ಲಿ.
ನಾಳೆ ಹಚ್ಚುವ ಮೊದಲು
ಫೋನು ಮಾಡಿ ಕೇಳಬೇಕು.